ಸಣ್ಣ ವ್ಯಾಪಾರಿಗೆ ಕೇಳಲು ಒಬ್ಬರು ಬೇಕು

2025ರ ಜುಲೈನಲ್ಲಿ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಜಿಎಸ್‌ಟಿ ನೋಟಿಸ್ ಬಂತು. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ವಹಿವಾಟು ಆಗಿದೆ, 29 ಲಕ್ಷ ಕಟ್ಟಿ ಎಂದು ಅದರಲ್ಲಿತ್ತು. ಅವರು ಮಾರುತ್ತಿದ್ದದ್ದು ರೈತರಿಂದ ತಂದ ಹಸಿ ತರಕಾರಿ. ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಗಿರಾಕಿಗಳು ಯುಪಿಐನಲ್ಲಿ ದುಡ್ಡು ಹಾಕುತ್ತಿದ್ದರು, ಅದೆಲ್ಲ ಸೇರಿ ದೊಡ್ಡ ಮೊತ್ತವಾಗಿತ್ತು, ಅಷ್ಟೇ.

ಆ ತಿಂಗಳು ರಾಜ್ಯದಲ್ಲಿ ಸಾವಿರಾರು ಸಣ್ಣ ಅಂಗಡಿಗಳಿಗೆ ಇಂಥ ನೋಟಿಸ್ ಹೋದವು. ಬೇಕರಿ, ಕಾಂಡಿಮೆಂಟ್ಸ್, ಚಹಾದಂಗಡಿ, ಹಾಲು ಮಾರುವವರು, ಯಾರನ್ನೂ ಬಿಡಲಿಲ್ಲ. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದರು. ಜುಲೈ 25ಕ್ಕೆ ಬಂದ್ ಮಾಡುವ ಮಾತೂ ಬಂತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಕೂತು, ಹಳೆಯ ಬಾಕಿ ಕೇಳುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಗಲಾಟೆ ತಣ್ಣಗಾಯಿತು.

ತೆರಿಗೆ ಇಲಾಖೆ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಸಾಕಷ್ಟು ನಡೆದಿದೆ. ನನ್ನನ್ನು ಕಾಡಿದ್ದು ಬೇರೆ ಸಂಗತಿ. ತಿಳಿದುಕೊಳ್ಳಬೇಕಾಗಿದ್ದ ವಿಷಯ ಬಹಳ ಚಿಕ್ಕದು. ಸಾಮಾನು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಬೇಕು. ತೆರಿಗೆ ಇಲ್ಲದ ಸಾಮಾನನ್ನು ಮಾತ್ರ ಮಾರುವವರಿಗೆ ಬೇಡ. ವಹಿವಾಟು ಒಂದೂವರೆ ಕೋಟಿಯೊಳಗಿರುವ, ಸಾಮಾನು ಮಾರುವ ಅಂಗಡಿಯವರಿಗೆ ರಾಜಿ ತೆರಿಗೆ ಪದ್ಧತಿ ಇದೆ. ಕಾಂಪೋಸಿಷನ್ ಅಂತಾರಲ್ಲ, ಅದೇ. ಅದರಲ್ಲಿ ವಹಿವಾಟಿನ ನೂರಕ್ಕೆ 1 ರೂಪಾಯಿ ಕಟ್ಟಿದರೆ ಸಾಕು. 50 ಲಕ್ಷದ ವ್ಯಾಪಾರ ಇದ್ದರೆ ವರ್ಷಕ್ಕೆ 50 ಸಾವಿರ. ಇನ್ನೊಂದು ಮಾತು: ಅಣ್ಣ ಕಳಿಸಿದ ಕೈಸಾಲ, ಚೀಟಿ ದುಡ್ಡು, ಅಂಗಡಿ ಗಲ್ಲಾದ ದುಡ್ಡು ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಮುಂದೆ ಬೇರ್ಪಡಿಸುವುದು ಕಷ್ಟ, ಅದಕ್ಕೇ ಅಂಗಡಿಗೊಂದು ಪ್ರತ್ಯೇಕ ಖಾತೆ ಇರಲಿ.

ಇಷ್ಟನ್ನು ಹೇಳಲು ಅರ್ಧ ಗಂಟೆ ಬೇಕಿಲ್ಲ. ಆದರೂ ಇದನ್ನು ಸಾವಿರಾರು ಜನರಿಗೆ ನಾಲ್ಕು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಅಂಗಡಿಯವರು ದಡ್ಡರಲ್ಲ. ಬೆಳಿಗ್ಗೆ 6ಕ್ಕೆ ಬಾಗಿಲು ತೆಗೆದು ರಾತ್ರಿ 10ಕ್ಕೆ ಹಾಕುವವರಿಗೆ ಕೇಳಲು ಪುರುಸೊತ್ತಿಲ್ಲ. ಪುರುಸೊತ್ತು ಇದ್ದರೂ ಯಾರನ್ನು ಕೇಳುವುದು? ಆಡಿಟರ್ ಹತ್ತಿರ ಹೋದರೆ ಫೀಸು. ಬ್ಯಾಂಕಿನಲ್ಲಿ ಕೇಳಿದರೆ ಸಾಲಕ್ಕೆ ತೊಂದರೆ ಆದೀತು ಎಂಬ ಅಳುಕು. ಸರ್ಕಾರಿ ಕಚೇರಿಯಲ್ಲಿ ಕೇಳಿದರೆ ನಾವೇ ಹೋಗಿ ಸಿಕ್ಕಿಬಿದ್ದ ಹಾಗೆ ಎಂಬ ಭಯ. ಪಕ್ಕದ ಅಂಗಡಿಯವನಿಗೂ ಗೊತ್ತಿಲ್ಲ.

ಸಣ್ಣ ವ್ಯಾಪಾರ ಎಂದ ಕೂಡಲೇ ನಾವು ಸಾಲ, ಸಬ್ಸಿಡಿ, ತರಬೇತಿ ಅಂತ ಮಾತಾಡುತ್ತೇವೆ. ಮೂರೂ ಬೇಕು. ಆದರೆ ಅವುಗಳ ಜೊತೆ ನಂಬಿ ಲೆಕ್ಕ ಬಿಚ್ಚಿಡಬಹುದಾದ ಒಬ್ಬ ಅನುಭವಿ ಮನುಷ್ಯ ಇಲ್ಲದಿದ್ದರೆ ಮೂರೂ ಅರ್ಧಂಬರ್ಧವಾಗಿ ಉಳಿಯುತ್ತವೆ. ಆ ಮನುಷ್ಯ ಸಂಬಳಕ್ಕೆ ಬರದೆ, ಸ್ವಂತ ಇಷ್ಟದಿಂದ ಬಂದರೆ ಯಾಕೆ ಹೆಚ್ಚು ಉಪಯೋಗ ಎಂಬುದನ್ನು ಇಲ್ಲಿ ನೋಡೋಣ.

ನಮ್ಮೋರು ಇದ್ದವರಿಗೆ ಸಿಕ್ಕಿದ್ದು

ಇದು ನಮಗೆ ಹೊಸದೇನೂ ಅಲ್ಲ. ಉಡುಪಿ ಹೋಟೆಲ್‌ಗಳು ಊರೂರಿಗೆ ಹರಡಿದ ಬಗೆ ನೆನಪಿಸಿಕೊಳ್ಳಿ. ಊರು ಬಿಟ್ಟು ಬಂದ ಹುಡುಗ ಟೇಬಲ್ ಒರೆಸಿದ, ಲೋಟ ತೊಳೆದ, ಸಪ್ಲೈಯರ್ ಆದ, ಅಡುಗೆಮನೆ ಹೊಕ್ಕ, ಒಂದು ದಿನ ಗಲ್ಲಾದಲ್ಲಿ ಕೂತ. ಮುಂದೆ ಸ್ವಂತ ಹೋಟೆಲ್ ಇಡುವಾಗ ಹಳೇ ಧಣಿಯೋ ನೆಂಟರೋ ಜೊತೆಗೆ ನಿಂತರು. ಯಾವ ಬೀದಿಯಲ್ಲಿ ಜಾಗ ಹಿಡಿಯಬೇಕು, ಉದ್ದಿನಬೇಳೆ ಯಾವ ಮಂಡಿಯಲ್ಲಿ ತರಬೇಕು, ಬಾಡಿಗೆ ದಿನದ ವ್ಯಾಪಾರದ ಎಷ್ಟು ಪಾಲು ಮೀರಬಾರದು, ಯಾವ ಅಡುಗೆಯವರನ್ನು ಕರೆತರಬೇಕು ಎಂಬುದೆಲ್ಲ ಅವರ ಬಾಯಿಂದಲೇ ಬಂತು. ಮಾಲು ಉದ್ರಿ ಕೊಡಿ, ಹುಡುಗ ನಮ್ಮವನೇ ಅಂತ ಮಂಡಿಯಲ್ಲಿ ಮಾತು ಹಾಕಿದರು. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಬೇಕರಿಗಳ ಕತೆಯೂ ಹೆಚ್ಚು ಕಡಿಮೆ ಇದೇ. ಒಬ್ಬರ ಒಲೆಯ ಹತ್ತಿರ ಕಲಿತವರು ಇನ್ನೊಂದು ಬಡಾವಣೆಯಲ್ಲಿ ಒಲೆ ಹಚ್ಚಿದರು.

ಇದಕ್ಕೆ ಯಾರೂ ಮೆಂಟರಿಂಗ್ ಅಂತ ಹೆಸರಿಡಲಿಲ್ಲ, ಫೀಸೂ ಇರಲಿಲ್ಲ. ಆದರೆ ಒಂದು ಮಿತಿ ಇತ್ತು. ವ್ಯಾಪಾರದಲ್ಲಿ 'ನಮ್ಮೋರು' ಇದ್ದವರಿಗೆ ಮಾತ್ರ ಇದು ಸಿಕ್ಕಿತು. ಕೂಲಿ ಮಾಡುತ್ತಿದ್ದ ಮನೆಯಿಂದ ಬಂದು ಮೊದಲ ಬಾರಿಗೆ ಅಂಗಡಿ ಇಟ್ಟವರಿಗೆ, ದಲಿತ ಕೇರಿಯ ಹುಡುಗನಿಗೆ, ಗಂಡನನ್ನು ಕಳೆದುಕೊಂಡು ಟೈಲರಿಂಗ್ ಶುರುಮಾಡಿದ ಹೆಂಗಸಿಗೆ ಇಂಥ ಚಿಕ್ಕಪ್ಪ, ಸೋದರಮಾವ ಯಾರಿದ್ದಾರೆ? ಅವರು ಪ್ರತಿ ಪಾಠವನ್ನೂ ಸ್ವಂತ ದುಡ್ಡು ಕಳೆದುಕೊಂಡೇ ಕಲಿಯಬೇಕು. ಸಣ್ಣ ಬಂಡವಾಳದವರಿಗೆ ಹಾಗೆ ಎರಡು ಸಲ ಕಲಿಯುವಷ್ಟು ದುಡ್ಡು ಇರುವುದಿಲ್ಲ. ಇಷ್ಟಪಟ್ಟು ದಾರಿ ತೋರಿಸಲು ಬರುವ ಹೊರಗಿನವರ ಕೆಲಸದ ನಿಜವಾದ ಬೆಲೆ ಇಲ್ಲಿದೆ ಅಂತ ನನಗೆ ಅನಿಸುತ್ತದೆ. ಹುಟ್ಟಿನಿಂದ ಸಿಗದ ಸೋದರಮಾವನನ್ನು ಅವರು ಒದಗಿಸುತ್ತಾರೆ.

ತರಗತಿಗಿಂತ ಪಕ್ಕದ ಬೀದಿಯ ಅನುಭವ

ಇದು ಬರೀ ನಂಬಿಕೆಯ ಮಾತಲ್ಲ. ಕೀನ್ಯಾದ ನೈರೋಬಿಯಲ್ಲಿ ದಂಡೋರಾ ಎಂಬ ಬಡವರ ಬಡಾವಣೆ ಇದೆ. ಅಲ್ಲಿ ಹೊಸದಾಗಿ ವ್ಯಾಪಾರಕ್ಕೆ ಇಳಿದ ಹೆಂಗಸರ ಮೇಲೆ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಅದೇ ಬಡಾವಣೆಯ ಅನುಭವಿ ವ್ಯಾಪಾರಿ ಹೆಂಗಸೊಬ್ಬರನ್ನು ಜೊತೆ ಮಾಡಿದರು. ಕೆಲವರಿಗೆ ತರಗತಿಯಲ್ಲಿ ವ್ಯಾಪಾರದ ಪಾಠ ಹೇಳಿಸಿದರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. 2018ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಅನುಭವಿಗಳ ಜೊತೆ ಸಿಕ್ಕವರ ಲಾಭ ಸರಾಸರಿ 20% ಏರಿತು. ತರಗತಿಗೆ ಹೋದವರು ಲೆಕ್ಕ ಬರೆಯುವ ರೀತಿಯನ್ನೇನೋ ಬದಲಿಸಿಕೊಂಡರು, ಆದರೆ ಲಾಭ ಕದಲಲಿಲ್ಲ.

ಯಾಕೆ? ಅನುಭವಿಗಳು ಹೇಳಿದ್ದು ತುಂಬ ಸಣ್ಣ, ಆದರೆ ಆ ಜಾಗಕ್ಕೇ ಸರಿಹೊಂದುವ ವಿಷಯ. ಮುಖ್ಯವಾಗಿ, ಮಾಲು ಎಲ್ಲಿ ಕಡಿಮೆಗೆ ಸಿಗುತ್ತದೆ ಎಂಬುದು. 'ಖರ್ಚು ಕಡಿಮೆ ಮಾಡಿ' ಅಂತ ತರಗತಿಯಲ್ಲಿ ಹೇಳಬಹುದು. ಇಂಥ ಮಾರ್ಕೆಟ್ಟಿನಲ್ಲಿ, ಇಂಥ ವಾರ, ಇಂಥವರ ಹತ್ತಿರ ಹೋಗಿ ಅಂತ ಹೇಳಲು ಅಲ್ಲಿ ವ್ಯಾಪಾರ ಮಾಡಿದವರೇ ಬೇಕು.

ನಮ್ಮ ಕಡೆಯ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಬ್ಬ ಗೃಹಿಣಿ ಚಕ್ಕುಲಿ, ಕೋಡುಬಳೆ ಮಾಡಿ ಅಂಗಡಿಗಳಿಗೆ ಹಾಕುತ್ತಾರೆ ಅಂದುಕೊಳ್ಳಿ. ಒಂದು ಸಲಕ್ಕೆ 100 ಪ್ಯಾಕೆಟ್. ಅಂಗಡಿಯವರು ಪ್ಯಾಕೆಟ್ಟಿಗೆ 40 ರೂಪಾಯಿ ಕೊಡುತ್ತಾರೆ, ಒಟ್ಟು 4,000. ಹಿಟ್ಟು, ಎಣ್ಣೆ, ಗ್ಯಾಸ್, ಕವರ್ ಸೇರಿ 2,600 ಖರ್ಚು. 1,400 ಉಳಿಯಿತು ಅಂತ ಅವರು ಖುಷಿಯಾಗಿದ್ದಾರೆ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಕಾಸಿಲ್ಲ. ಎಲ್ಲಿ ಹೋಯಿತು ಅಂತ ಗೊತ್ತಾಗುತ್ತಿಲ್ಲ.

ಪಕ್ಕದಲ್ಲಿ ಕೂತ ಅನುಭವಿ ಕೇಳುತ್ತಾರೆ: ಎಷ್ಟು ಪ್ಯಾಕೆಟ್ ವಾಪಸ್ ಬರುತ್ತೆ? ಮುರಿದದ್ದು, ಮೆತ್ತಗಾದದ್ದು ಸೇರಿ ಒಂದು 8. ಅಂದರೆ 320. ಆಟೋಗೆ? 200. ಕೆಲಸ ಮಾಡಿದ್ದು ಯಾರು? ನಾನು, ನನ್ನ ನಾದಿನಿ, ಇಡೀ ದಿನ. ಇಬ್ಬರ ಕೂಲಿ ಕಡಿಮೆ ಅಂದರೂ 400ರಂತೆ 800. ಎಲ್ಲ ಕಳೆದರೆ ಉಳಿದದ್ದು 80 ರೂಪಾಯಿ. ಅದೂ ಅಂಗಡಿಯವರು ಹೊತ್ತಿಗೆ ಸರಿಯಾಗಿ ದುಡ್ಡು ಕೊಟ್ಟರೆ.

ಮನೆ ಹೆಂಗಸರ ವ್ಯಾಪಾರದಲ್ಲಿ ಕಾಣದೇ ಹೋಗುವುದು ಹೆಚ್ಚಾಗಿ ಈ ಕೂಲಿಯೇ. ಸ್ವಂತ ದುಡಿತಕ್ಕೆ ಬೆಲೆ ಕಟ್ಟುವುದು ಅವರಿಗೆ ಅಭ್ಯಾಸವೇ ಇಲ್ಲ. ಇನ್ನೊಬ್ಬರು ಪಕ್ಕದಲ್ಲಿ ಕೂತು, 'ಅಕ್ಕಾ, ನಿಮ್ಮ ಕೆಲಸಕ್ಕೂ ಕೂಲಿ ಹಾಕಿ' ಅಂತ ಹೇಳಿ ಬರೆಸುವ ತನಕ ಅದು ಲೆಕ್ಕಕ್ಕೇ ಬರುವುದಿಲ್ಲ. ಆ ಮೇಲೆ ದಾರಿಗಳು ಒಂದೊಂದಾಗಿ ಕಾಣುತ್ತವೆ. ಎಣ್ಣೆಯನ್ನು ಲೀಟರ್ ಪ್ಯಾಕೆಟ್ಟಿನಲ್ಲಿ ತರುವ ಬದಲು ಮಂಡಿಯಲ್ಲಿ 15 ಕಿಲೋ ಡಬ್ಬ ತಂದರೆ ಎಷ್ಟು ಉಳಿದೀತು? ವಾಪಸ್ ಬರುವುದು ಯಾವ ಅಂಗಡಿಯಿಂದ ಜಾಸ್ತಿ? ಅಲ್ಲಿಗೆ ಕಡಿಮೆ ಹಾಕಿದರೆ? ಕೋಡುಬಳೆಗೆ 45 ಕೇಳಿದರೆ ಎಷ್ಟು ಅಂಗಡಿ ಬಿಟ್ಟುಹೋದಾವು? ಒಂದೇ ಅಂಗಡಿಯಲ್ಲಿ ಕೇಳಿ ನೋಡೋಣ.

ಈ ಕೊನೆಯ ಮಾತು ಮುಖ್ಯ. ಒಳ್ಳೆಯ ಮಾರ್ಗದರ್ಶಕರು ಇಡೀ ವ್ಯಾಪಾರ ಬದಲಿಸಿ ಅಂತ ಹೇಳುವುದಿಲ್ಲ. ಸಲಹೆ ತಪ್ಪಾದರೆ ನಷ್ಟ ಆಗುವುದು ಹೇಳಿದವರಿಗಲ್ಲ, ಕೇಳಿದವರಿಗೆ. ಅದಕ್ಕೇ ಒಂದು ಅಂಗಡಿ, ಒಂದು ವಾರ, ಒಂದು ಬದಲಾವಣೆ. ಸೋತರೂ ತಡೆದುಕೊಳ್ಳುವಷ್ಟು ಚಿಕ್ಕದು.

ಸಂಬಳವಿಲ್ಲದವರು ಯಾಕೆ?

ದುಡ್ಡು ತೆಗೆದುಕೊಂಡು ಹೇಳಿದರೆ ಇನ್ನೂ ಚೆನ್ನಾಗಿ ಹೇಳುವುದಿಲ್ಲವೇ? ಕೆಲವು ಕೆಲಸಕ್ಕೆ ಹೌದು. ರಿಟರ್ನ್ ಸಲ್ಲಿಸಲು ಆಡಿಟರೇ ಬೇಕು, ಮೆಷಿನ್ ಕೂರಿಸಲು ಎಂಜಿನಿಯರೇ ಬೇಕು. ಆದರೆ ಸಣ್ಣ ವ್ಯಾಪಾರಿಯ ಸುತ್ತ ಇರುವ ಬಹುತೇಕ ಎಲ್ಲರಿಗೂ ಅವರಿಂದ ಏನೋ ಒಂದು ಆಗಬೇಕಿರುತ್ತದೆ. ಬ್ಯಾಂಕಿನವರಿಗೆ ಸಾಲದ ಗುರಿ ಮುಟ್ಟಬೇಕು. ಮೆಷಿನ್ ಮಾರುವವರಿಗೆ ದೊಡ್ಡ ಮೆಷಿನ್ ಹೋಗಬೇಕು. ಸರ್ಕಾರದ ಯೋಜನೆಗಳಲ್ಲಿ ಕೂಡ ಹೀಗಿದೆ. ಕಿರು ಆಹಾರ ಘಟಕಗಳಿಗೆ ನೆರವಾಗುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಜಿಲ್ಲೆಗಳಲ್ಲಿ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್, ಬ್ಯಾಂಕ್ ಓಡಾಟ ಎಲ್ಲದಕ್ಕೂ ನೆರವಾಗುತ್ತಾರೆ. ಅವರಿಂದ ಎಷ್ಟೋ ಜನಕ್ಕೆ ಒಳ್ಳೆಯದಾಗಿದೆ. ಆದರೆ ಅವರ ಸಂಭಾವನೆ ನಿಂತಿರುವುದು ಸಾಲ ಮಂಜೂರಾಗುವುದರ ಮೇಲೆ. 'ಈಗಲೇ ಸಾಲ ಬೇಡ, ಆರು ತಿಂಗಳು ಬಾಡಿಗೆ ಗಿರಣಿಯಲ್ಲೇ ಮಾಡಿ ನೋಡಿ' ಅಂತ ಹೇಳಲು ಯಾರ ಲಾಭವೂ ಅಡ್ಡಬಾರದ ಒಬ್ಬರು ಬೇಕು.

ಬೇಡ ಎನ್ನುವುದೂ ನೆರವೇ. ಮುದ್ರಾ ಸಾಲದ ಮಿತಿಯನ್ನು 2024ರ ಬಜೆಟ್ಟಿನಲ್ಲಿ, ಹಿಂದಿನ ಸಾಲ ತೀರಿಸಿದವರಿಗೆ, 10 ಲಕ್ಷದಿಂದ 20 ಲಕ್ಷಕ್ಕೆ ಏರಿಸಿದರು. ಬೆಳೆಯುವ ವ್ಯಾಪಾರಕ್ಕೆ ಇದು ವರ. ಹಾಗಂತ ಸಾಲ ಸಿಗುತ್ತದೆ ಎಂಬುದೇ ಸಾಲ ಮಾಡಲು ಕಾರಣ ಆಗಬಾರದು, ಅಲ್ವಾ? ಅಂಗಡಿ ಮುಚ್ಚಿ ಬೇರೆ ಕೆಲಸ ನೋಡಿ ಎಂದು ಹೇಳಬೇಕಾದ ಸಂದರ್ಭವೂ ಬರುತ್ತದೆ. ಅದನ್ನು ಹೇಳುವುದು ಕಷ್ಟ. ಆದರೆ ಮನೆಯ ಒಡವೆ ಅಡವಿಗೆ ಹೋಗುವ ಮೊದಲೇ ಹೇಳಿದರೆ ಒಂದು ಸಂಸಾರ ಉಳಿಯುತ್ತದೆ.

ಇನ್ನೊಂದು ಉದಾಹರಣೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆಯದು. ಅಲ್ಲಿ ಲೇತ್ ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳಿಗೆ ಬಿಡಿ ಕೆಲಸ ಮಾಡಿಕೊಡುವವರ ದೊಡ್ಡ ತಲೆನೋವು ಬಿಲ್ ಬಾಕಿ. ಕಾನೂನು ಅವರ ಪರವಾಗಿದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಒಪ್ಪಂದದಲ್ಲಿ ಏನೇ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಮಾಡಿಸಿದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಇದೆಲ್ಲ ಮೊಬೈಲಿನಲ್ಲಿ ಹುಡುಕಿದರೂ ಸಿಗುತ್ತದೆ. ಸಿಗದೇ ಇರುವುದು ಇದು: ಆ ಗಿರಾಕಿಯಿಂದಲೇ ನನ್ನ ಮುಕ್ಕಾಲು ಪಾಲು ಕೆಲಸ ಬರುತ್ತಿರುವಾಗ ದೂರು ಕೊಡಲೋ ಬೇಡವೋ? ಕೊಟ್ಟರೆ ಬಾಕಿ ಬರಬಹುದು, ಮುಂದಿನ ಆರ್ಡರ್ ಹೋಗಬಹುದು. ಇಪ್ಪತ್ತು ವರ್ಷ ಶೆಡ್ ನಡೆಸಿದವರು ಇಲ್ಲಿ ಹೇಳುವ ಮಾತೇ ಬೇರೆ. ಮೊದಲು ಇನ್ನೆರಡು ಗಿರಾಕಿ ಹುಡುಕು. ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ನಂಬರ್ ಹಾಕು. ಮಾಲು ಕೊಟ್ಟ ದಿನವೇ ಸಹಿ ತಗೋ. ಪರ್ಚೇಸ್ ವಿಭಾಗದವರನ್ನು ಕೇಳಿ ಆಗಲಿಲ್ಲವೇ, ಅಕೌಂಟ್ಸ್‌ನವರನ್ನು ಹೋಗಿ ಕಾಣು. ಆ ಮೇಲೂ ಬರಲಿಲ್ಲ ಅಂದರೆ ದೂರಿನ ಮಾತು. ಕಾನೂನನ್ನು ಎಲ್ಲರೂ ಓದಬಹುದು, ಅದನ್ನು ಯಾವಾಗ ಕೈಗೆತ್ತಿಕೊಳ್ಳಬೇಕು ಎಂಬುದು ಅನುಭವದಿಂದಲೇ ಬರಬೇಕು.

ಅಮೆರಿಕದಲ್ಲಿ ಸ್ಕೋರ್ ಎಂಬ ಸಂಸ್ಥೆ 1964ರಿಂದ ಇದೇ ಕೆಲಸ ಮಾಡುತ್ತಿದೆ. ನಿವೃತ್ತರಾದ ಉದ್ಯಮಿಗಳು, ಅಧಿಕಾರಿಗಳು ಸಣ್ಣ ವ್ಯಾಪಾರಿಗಳ ಜೊತೆ ಕೂರುತ್ತಾರೆ. ಪುಕ್ಕಟೆ, ಮತ್ತು ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂಬ ಭರವಸೆ. ಆ ಎರಡನೆಯದು ಮೊದಲನೆಯದಷ್ಟೇ ಮುಖ್ಯ. ನಮ್ಮಲ್ಲಿ ಭಾರತೀಯ ಯುವ ಶಕ್ತಿ ಟ್ರಸ್ಟ್ 1992ರಲ್ಲಿ ಶುರುವಾಯಿತು. ಬಂಡವಾಳವಿಲ್ಲದ ಯುವಕ ಯುವತಿಯರಿಗೆ ಅಡಮಾನವಿಲ್ಲದ ಬ್ಯಾಂಕ್ ಸಾಲ ಕೊಡಿಸಿ, ಜೊತೆಗೆ ಒಬ್ಬ ಸ್ವಯಂಸೇವಕ ಮಾರ್ಗದರ್ಶಕರನ್ನೂ ಕೊಡುವುದು ಅದರ ಪದ್ಧತಿ. ಬೆಂಗಳೂರಿನ ಅವೇಕ್, ಅಂದರೆ ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ, 1983ರದು. ಉದ್ಯಮ ನಡೆಸಿ ಗೊತ್ತಿರುವ ಹೆಂಗಸರೇ ಹೊಸಬರಿಗೆ ಹೇಳಿಕೊಡಬೇಕು ಎಂಬ ಯೋಚನೆ ಅದರದು. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಬಳದ ಸಿಬ್ಬಂದಿ ಇರುವ ತರಬೇತಿ ಸಂಸ್ಥೆ. ಆದರೂ ಅದರಿಂದ ಒಂದು ಪಾಠ ಇದೆ. ತರಬೇತಿ ಕೆಲವೇ ವಾರ, ಮುಗಿದ ಮೇಲೆ ವಿಚಾರಿಸಿಕೊಳ್ಳುವುದು ಎರಡು ವರ್ಷ. ಮುಂದೆ ದೇಶದ ಜಿಲ್ಲೆ ಜಿಲ್ಲೆಯಲ್ಲೂ ಇದೇ ಮಾದರಿಯ ಕೇಂದ್ರಗಳು ಬಂದವು.

ಎಲ್ಲಿ ಕೈಕೊಡುತ್ತದೆ

ದಂಡೋರಾದ ಫಲಿತಾಂಶಕ್ಕೆ ಇನ್ನೊಂದು ಮುಖ ಇದೆ. ಲಾಭ ಮೊದಲು ಚೆನ್ನಾಗಿ ಏರಿತು. ಇಬ್ಬರ ಭೇಟಿ ನಿಲ್ಲುತ್ತ ಬಂದ ಹಾಗೆ ಅದೂ ಕರಗುತ್ತ ಬಂತು. ವ್ಯಾಪಾರ ನಿಂತ ನೀರಲ್ಲ. ಇವತ್ತು ಕಡಿಮೆಗೆ ಕೊಟ್ಟವರು ನಾಳೆ ಬೆಲೆ ಏರಿಸುತ್ತಾರೆ, ಎದುರಿಗೆ ಹೊಸ ಅಂಗಡಿ ಬರುತ್ತದೆ. ಹಾಗಾಗಿ ಒಂದು ದಿನದ ಶಿಬಿರ ಮಾಡಿ, ಫೋಟೋ ತೆಗೆಸಿಕೊಂಡು ಮುಗಿಸಿದರೆ ಸುಮ್ನೆ ಎಲ್ಲರ ಹೊತ್ತು ಹಾಳು.

ಜೋಡಿ ಸರಿಹೋಗದಿದ್ದರೂ ಕೆಲಸ ಕೆಡುತ್ತದೆ. ದೊಡ್ಡ ಕಂಪನಿಯಲ್ಲಿ ಮೂವತ್ತು ವರ್ಷ ಇದ್ದವರಿಗೆ ಆಳು ಕಾಳು, ಬಜೆಟ್, ವಿಭಾಗ ಎಲ್ಲ ಇದ್ದವು. ತಳ್ಳುಗಾಡಿಯವರ ಹತ್ತಿರ ಇರುವುದು ದಿನದ ಬಡ್ಡಿಗೆ ತಂದ ಎರಡು ಸಾವಿರ. ಮೊದಲು ಒಂದು ತಿಂಗಳು ಸುಮ್ಮನೆ ನೋಡಿ, ಕೇಳಿ, ಆಮೇಲೆ ಬಾಯಿ ತೆರೆಯುವ ತಾಳ್ಮೆ ಇದ್ದವರಿಗೆ ಮಾತ್ರ ಈ ಕೆಲಸ ಒಗ್ಗುತ್ತದೆ. 'ನಾನು ಹೇಳಿದ ಹಾಗೆ ಮಾಡಿ' ಎನ್ನುವವರಿಗಿಂತ 'ನೀವು ಯಾಕೆ ಹೀಗೆ ಮಾಡ್ತೀರಿ?' ಅಂತ ನಿಜವಾಗಿ ಕೇಳುವವರು ಬೇಕು. ಎಷ್ಟೋ ಸಲ ಅಂಗಡಿಯವರ ಹತ್ತಿರ ಒಳ್ಳೆಯ ಕಾರಣವೇ ಇರುತ್ತದೆ.

ಪೈಪೋಟಿ ಇನ್ನೊಂದು ತೊಡಕು. ಅದೇ ಬೀದಿಯಲ್ಲಿ ಅದೇ ವ್ಯಾಪಾರ ಮಾಡುವವರು ತಮ್ಮ ಸಪ್ಲೈಯರ್ ಯಾರೆಂದು ಹೇಳುವುದು ಕಷ್ಟ. ತೀರಾ ದೂರದವರಾದರೆ ಇಲ್ಲಿನ ಮಾರ್ಕೆಟ್ ಗೊತ್ತಿರುವುದಿಲ್ಲ. ಅದೇ ಕಸುಬಿನಲ್ಲಿದ್ದು ಈಗ ಕೈಬಿಟ್ಟವರು, ಅಥವಾ ಪಕ್ಕದ ತಾಲ್ಲೂಕಿನವರು ಆದರೆ ಒಳ್ಳೆಯದು. ಧಾರವಾಡದಲ್ಲಿ ರೊಟ್ಟಿ ಕೇಂದ್ರ ನಡೆಸಿದವರು ಗದಗಿನವರಿಗೆ ಧಾರಾಳವಾಗಿ ಹೇಳಿಯಾರು.

ಹೆಂಗಸರ ವಿಷಯದಲ್ಲಿ ಇನ್ನೂ ಸೂಕ್ಷ್ಮ. ಗುರುತಿಲ್ಲದ ಗಂಡಸಿನ ಮುಂದೆ ಲೆಕ್ಕದ ಪುಸ್ತಕ ಬಿಚ್ಚಲು ಎಷ್ಟು ಜನಕ್ಕೆ ಆಗುತ್ತದೆ? ಅಹಮದಾಬಾದಿನ ಸೇವಾ ಬ್ಯಾಂಕಿನ ಗ್ರಾಹಕರಾದ ಹೆಂಗಸರಿಗೆ ಎರಡು ದಿನದ ವ್ಯಾಪಾರ ತರಬೇತಿ ಕೊಟ್ಟು ಒಂದು ಅಧ್ಯಯನ ಮಾಡಿದ್ದರು. ಕೆಲವರು ಒಬ್ಬರೇ ಬಂದರು, ಕೆಲವರಿಗೆ ಗೆಳತಿಯೊಬ್ಬರನ್ನು ಕರೆತರಲು ಹೇಳಿದರು. ನಾಲ್ಕು ತಿಂಗಳ ನಂತರ ವ್ಯಾಪಾರ ಮತ್ತು ಮನೆಯ ಆದಾಯ ಹೆಚ್ಚಿದ್ದು ಗೆಳತಿಯ ಜೊತೆ ಬಂದವರದು. ಕಟ್ಟುಪಾಡು ಜಾಸ್ತಿ ಇರುವ ಮನೆಗಳ ಹೆಂಗಸರಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ನಮ್ಮ ಸ್ತ್ರೀಶಕ್ತಿ ಸಂಘಗಳಲ್ಲಿ ಗೆಳತಿಯರು ಈಗಾಗಲೇ ಇದ್ದಾರೆ. ಅವರ ನಡುವೆ ಒಬ್ಬ ಅನುಭವಿ ಹೆಂಗಸನ್ನು ತಂದು ಕೂರಿಸಿದರೆ ಅರ್ಧ ಕೆಲಸ ಆದ ಹಾಗೆ.

ಅನುಭವಿಗಳನ್ನು ಎಲ್ಲಿಂದ ತರುವುದು ಅಂತ ಕೇಳಬಹುದು. ಕರ್ನಾಟಕದಲ್ಲಂತೂ ಅದಕ್ಕೆ ಬರವಿಲ್ಲ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂದು ನಾಲ್ಕು ದೊಡ್ಡ ಬ್ಯಾಂಕುಗಳು ಹುಟ್ಟಿದ ಕರಾವಳಿ ನಮ್ಮದು. ಅವುಗಳಲ್ಲಿ ದುಡಿದು ನಿವೃತ್ತರಾದವರು ಊರೂರಿನಲ್ಲಿ ಇದ್ದಾರೆ. ಯಾವ ಅರ್ಜಿ ಯಾಕೆ ತಿರಸ್ಕಾರ ಆಗುತ್ತದೆ, ಸಿಬಿಲ್ ಅಂಕ ಯಾಕೆ ಬೀಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ಪಿಗ್ಮಿ ಕಲೆಕ್ಟರ್‌ಗಳನ್ನಂತೂ ಮರೆಯಲೇಬಾರದು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ ಈ ಪದ್ಧತಿಯಲ್ಲಿ ದಿನಾ ಅಂಗಡಿ ಅಂಗಡಿಗೆ ಹೋಗಿ ಹತ್ತಿಪ್ಪತ್ತು ರೂಪಾಯಿ ಉಳಿತಾಯ ಕಟ್ಟಿಸಿಕೊಂಡವರು ಅವರು. ಯಾವ ಬೀದಿಯಲ್ಲಿ ಯಾವ ತಿಂಗಳು ವ್ಯಾಪಾರ ಇಳಿಯುತ್ತದೆ, ಯಾವ ಅಂಗಡಿ ಯಾಕೆ ಮುಚ್ಚಿತು ಎಂಬುದು ಅವರಷ್ಟು ಯಾರಿಗೂ ಗೊತ್ತಿರಲಿಕ್ಕಿಲ್ಲ. ಅಂಗಡಿಯವರು ಅವರನ್ನು ನಂಬುತ್ತಾರೆ ಕೂಡ. ಅವರ ತಿಳಿವಳಿಕೆಯನ್ನು ಯಾರೂ ಕೇಳಿ ಪಡೆದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಶುರು ಮಾಡಲು ದೊಡ್ಡ ಯೋಜನೆ ಬೇಕಿಲ್ಲ. ಒಂದು ಊರಿನಲ್ಲಿ ಐದಾರು ನಿವೃತ್ತರು, ವ್ಯಾಪಾರದಲ್ಲಿ ನೆಲೆ ನಿಂತ ಐದಾರು ಜನ ಒಪ್ಪಿದರೆ ಸಾಕು. ಒಬ್ಬರಿಗೆ ಎರಡೇ ಅಂಗಡಿ, ಕಡಿಮೆ ಅಂದರೂ ಒಂದು ವರ್ಷ. ಲೆಕ್ಕದ ಮಾತು ಹೊರಗೆ ಹೋಗಬಾರದು. ಸಾಲ ಕೊಡಬಾರದು, ಪಾಲು ಕೇಳಬಾರದು, ಏನನ್ನೂ ಮಾರಬಾರದು. ಆಗಾಗ ಈ ಮಾರ್ಗದರ್ಶಕರೇ ಒಂದೆಡೆ ಸೇರಿ, ತಮಗೆ ಗೊತ್ತಿಲ್ಲದ್ದನ್ನು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು. ಆಡಿಟರ್ ಒಬ್ಬರು ತಿಂಗಳಿಗೊಂದು ಸಂಜೆ ಕೊಟ್ಟರೆ ಜಿಎಸ್‌ಟಿ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ.

ಮತ್ತೆ, ಅಂಗಡಿಯವರನ್ನು ಸಭೆಗೆ ಕರೆಯಬೇಡಿ. ಬಾಗಿಲು ಹಾಕಿ ಬಂದರೆ ಅವರ ಆ ದಿನದ ವ್ಯಾಪಾರ ಹೋಯಿತು. ನೀವೇ ಹೋಗಿ. ಮಧ್ಯಾಹ್ನ ಊಟದ ಗಿರಾಕಿಗಳು ಮುಗಿದು ಸಂಜೆಯವರು ಶುರುವಾಗುವ ಮೊದಲು, 3ರಿಂದ 4ರ ತನಕ, ಬಹಳಷ್ಟು ಅಂಗಡಿಗಳು ಖಾಲಿ ಇರುತ್ತವೆ. ಆಗ ಒಂದು ಸ್ಟೂಲ್ ಸಿಗುತ್ತದೆ, ಮಾತಾಡಲು ಸಮಯವೂ ಸಿಗುತ್ತದೆ. ಮೊದಲ ದಿನ ಲೆಕ್ಕದ ಪುಸ್ತಕ ಕೇಳುವುದು ಬೇಡ. ಮೂರನೆಯ ಸಲವೋ ನಾಲ್ಕನೆಯ ಸಲವೋ ಅವರೇ ಗಲ್ಲಾದ ಕೆಳಗಿಂದ ತೆಗೆದು ಮುಂದಿಡುತ್ತಾರೆ.